ಇನ್ನೂರ ಹನ್ನೆರಡು

ಇನ್ನೂರ ಹನ್ನೆರಡು ಅಂತ ಬರಕೊಂಡ್ರಲ್ಲ ಡಾಕ್ಟ್ರಮ್ಮ,
ಅದರಲ್ಲಿ ಆ ಕಿವಿಹರುಕಿ ಮೂರು ಸಲ ಸೇರವಳೆ.
ಟ್ಯಾಂಕಿನ ಹತ್ರ ಒಂದ್ಸಲ, ಹಳೇ ಕ್ಯಾಂಟೀನಿನ ಹಿಂದೆ ಒಂದ್ಸಲ,
ಆಮೇಲೆ ನೀವು ನೀರು ಕುಡಿಯೋಕೆ ತಿರುಗಿದಾಗ.
ನಿಮ್ಮ ತಪ್ಪಲ್ಲ ಬುಡಿ. ನೀವು ಮೈ ಎಣಿಸ್ತೀರ.
ನಮ್ಮಪ್ಪ ಮುನಿಬೈರ ಹಿಕ್ಕೆ ಎಣಿಸ್ತಿದ್ದ,
ಮುಂಜಾನೆ, ಎರಡು ಬೆರಳಲ್ಲಿ ಹಿಸುಕಿ,
ಬಿಸಿ ನೋಡಿ,
'ಹನ್ನೊಂದು. ಎರಡು ಗಬ್ಬ. ಒಂದು ಕುಂಟು' ಅಂತಿದ್ದ.
ಕಾಡು ತಪ್ಪು ಲೆಕ್ಕ ಕೊಟ್ಟಿದ್ದು ನಾ ಕಂಡಿಲ್ಲ.

ಹೌದು, ಬೇಟೆಯೋರು ನಾವು. ಮುಚ್ಚಿಡೋದೇನು.
ಗೊಟ್ಟಿಗೆರೆಯಿಂದ ರಾಗಿಹಳ್ಳಿ ತಂಕ
ನಮ್ಮ ಉರುಳು ಬೀಳದ ಜಾಡಿರಲಿಲ್ಲ.
ಕಾನೂನು ಬಂತು, ಅಪ್ಪ ಜೈಲು ನೋಡ್ಕಂಡು ಬಂದ.
ನಾಡಕೋವೀನ ಒಂದು ಎಲೆಕ್ಷನ್ನಿಗೆ ಸ್ಟೇಷನ್ನಲ್ಲಿ ಇಟ್ಟಿದ್ದು
ಇನ್ನೂ ಅಲ್ಲೇ ಇರಬೇಕು, ಗೋಣಿತಾಟಲ್ಲಿ, ಚೀಟಿ ಕಟ್ಟಿಸ್ಕಂಡು.
ನಾನು ಈ ಕಾರ್ಖಾನೆ ಗೇಟಿಗೆ ಬಂದೆ, ಖಾಕಿ ಹಾಕ್ಕಂಡು.
ಆಗ ಇಲ್ಲಿ ಆರೇ ಜಿಂಕೆ.
ಕ್ವಾರ್ಟ್ರಸ್ ಮಕ್ಕಳು ನೋಡ್ಲಿ ಅಂತ ಯಾರೋ ಮ್ಯಾನೇಜರು ತರಿಸಿದ್ದು.
ಕಾರ್ಖಾನೆ ಮುಚ್ತು. ಮಕ್ಕಳು ಹೋದ್ರು.
ಜಿಂಕೆಗೆ ಯಾರೂ ವಿಆರ್‌ಎಸ್ ಕೊಡಲಿಲ್ಲ.

ಈಗ ನೋಡಿ ಆ ಹೊಂಗೆ ಮರ.
ಕೆಳಗೆಲ್ಲ ಕತ್ತರಿ ಆಡಿಸಿದಂಗೆ ಸಮ ಐತೆ,
ಎದ್ದು ನಿಂತ ಜಿಂಕೆ ಬಾಯಿ ಎಟಕೋ ಎತ್ತರಕ್ಕೆ.
ಹೊಂಗೆ ಕಹಿ. ಹೊಂಗೆ ತಿಂದಾವೆ ಅಂದ್ರೆ
ಹೊಟ್ಟೆ ಎಲ್ಲಿಗೆ ಬಂದೈತೆ ಅಂತ ತಿಳೀರಿ.
ಹೋದ ಶಿವರಾತ್ರೀಲಿ ಸತ್ತ ಹೋತನ ಹೊಟ್ಟೇಲಿ
ನೀವೇ ತೆಗೆದ್ರಲ್ಲ, ಹಾಲಿನ ಕವರು, ಹೂವಿನ ಹಾರದ ದಾರ,
ಒಂದು ಮಾಸ್ಕು.
ಉರುಳಿಗಿಂತ ನಿಧಾನ ಅದು. ಅಷ್ಟೇ ವ್ಯತ್ಯಾಸ.

ಬೇಟೆಗಾರನಿಗೇನು ಜಿಂಕೆ ಚಿಂತೆ ಅಂತ
ಆ ಮೀಟಿಂಗಲ್ಲಿ ನಕ್ಕರು ಅಪಾರ್ಟ್‌ಮೆಂಟಿನೋರು.
ಕೊಲ್ಲಬೇಡಿ ಅಂತ ಕೈಮುಗಿದ್ರು,
ಗುಲಾಬಿ ಗಿಡ ತಿಂತಾವೆ ಅಂತಾನೂ ಬರಕೊಟ್ರು,
ಒಂದೇ ಕಾಗದದಲ್ಲಿ.
ನಾನು ಬಾಗಿಲ ಹತ್ರ ನಿಂತಿದ್ದೆ. ಕೇಳಿದ್ದರೆ ಹೇಳ್ತಿದ್ದೆ:
ಗಬ್ಬದ್ದಕ್ಕೆ ಉರುಳಿಲ್ಲ, ಹಾಲೂಡೋದಕ್ಕೆ ಉರುಳಿಲ್ಲ,
ನೀರಿನ ಹತ್ರ ಕಾಯೋಂಗಿಲ್ಲ.
ಇದು ನಿಮ್ಮ ಇಲಾಖೆಗಿಂತ ಹಳೇ ರೂಲು.
ಹದಿನಾರನೇ ವಯಸ್ಸಲ್ಲಿ ನಾ ಒಂದ್ಸಲ ಮುರಿದೆ.
ಅಪ್ಪ ಹೊಡೀಲಿಲ್ಲ. ಗುಂಡಿ ತೋಡಿಸಿದ, ಮಣ್ಣು ಮಾಡಿಸಿದ,
ಮೂರು ದಿನ ಒಲೆ ಹಚ್ಚಗೊಡಲಿಲ್ಲ.
ಹೊಟ್ಟೆಯೊಳಗಿದ್ದ ಮರಿ ಮೈಮೇಲೆ
ಆಗಲೇ ಚುಕ್ಕೆ ಇತ್ತು ಡಾಕ್ಟ್ರಮ್ಮ.

ಹೋಗ್ಲಿ.
ನಾಳೆ ಲಾರಿ ಬರ್ತದೆ ಅಂದ್ರಿ.
ಬಲೆ ಎಸೆದ್ರೆ ನಾಲ್ಕಕ್ಕೊಂದು ಎದೆಯೊಡೆದು ಬೀಳ್ತದೆ,
ಅದಕ್ಕೇ ನನ್ನ ಕರೆದ್ರಿ.
ಊದ್ತೀನಿ. ಎಲೆ ಮಡಿಸಿ ಮರಿ ಅತ್ತಂಗೆ ಊದಿದ್ರೆ,
ಮೆಟ್ರೋ ಗುಡುಗಿಕೊಂಡು ಹೋದ್ರೂ ತಲೆ ಎತ್ತದವು
ಸಾಲಾಗಿ ಬರ್ತಾವೆ, ತಾಯಂದಿರು ಮುಂದೆ.
ಅದೇ ಎಲೆ, ಅದೇ ಮೋಸ.
ಈ ಸಲ ದಿನಗೂಲಿ, ರಸೀತಿ ಸಮೇತ.

ಆದ್ರೆ ಒಂದು ಮಾತು.
ಇವಕ್ಕೆ ಗಾಬರಿ ಗೊತ್ತು, ಭಯ ಗೊತ್ತಿಲ್ಲ.
ಗಾಳಿ ಓದೋಕೆ ಬರಲ್ಲ.
ಅಲ್ಲಿ ಕಾಡಲ್ಲಿ ಇಳಿಸಿದ್ರೆ, ಚಿರತೆ ಬಂದ್ರೆ,
ಬಿಸ್ಕತ್ತು ತಂದೈತೆ ಅಂತ ಮೂಗು ಚಾಚ್ತಾವೆ.
ಲಾರಿ ಒಂದು ತಿಂಗಳು ತಡೀಲಿ. ಕೋವಿ ಬೇಡ ನಂಗೆ.
ಒಂದು ಕೋಲು, ನಮ್ಮ ಕರಿನಾಯಿ, ರಾತ್ರಿ ಗೇಟಿನ ಬೀಗದ ಕೈ.
ಅವಿತು ಕೂರ್ತೀನಿ, ಓಡಿಸ್ತೀನಿ, ಗಾಳಿ ಜೊತೆ ಬರ್ತೀನಿ,
ನನ್ನ ವಾಸನೆ ಅಂದ್ರೆ ಸಾವು ಅಂತ ತಿಳಿಯೋ ತಂಕ.
ಭಯ ಇಲ್ಲದ ಜಿಂಕೆ ಬರೀ ಮಾಂಸ.
ಅದನ್ನ ನನಗಿಂತ ಚೆನ್ನಾಗಿ ಯಾರು ಹೇಳಬೇಕು.

ಬರಕೊಳ್ಳಿ. ಆ ಫಾರಮ್ಮಲ್ಲಿ ಮೇವು ಅಂತೈತೆ,
ಚುಚ್ಚುಮದ್ದು ಅಂತೈತೆ, ಸಾಗಾಣಿಕೆ ಅಂತೈತೆ.
ಭಯಕ್ಕೆ ಜಾಗ ಇಲ್ವಾ?
ಪಕ್ಕದಲ್ಲೇ ಬರೀರಿ, ಸಣ್ಣಕ್ಷರದಲ್ಲಿ.

ಅಗೋ, ಕಿವಿಹರುಕಿ ಮತ್ತೆ ಬಂದ್ಲು.
ನಾಲ್ಕನೇ ಸಲ ಎಣಿಸಬೇಡಿ.